ಎಡಗೈಯ ಕಠಾರಿ

ಭಾನುವಾರ, ನವೆಂಬರ್ ೧೮

ಅಳುಬುರುಕಿಯಿಂದ ಅಜ್ಜಿಯ ಪದವಿಗೇರಿದ ನನ್ನ ಮುದ್ದಿನ ತಂಗಿ ಪಿಟೀಲಿಗೆ,

ಚಿಕ್ಕಣ್ಣನ ಆಶೀರ್ವಾದಗಳು. ಮೊದಲು ನನ್ನನ್ನು ಹೊಟ್ಟೆ ತುಂಬ ಬೈದುಬಿಡು, ಆಮೇಲೆ ಮುಂದಕ್ಕೆ ಓದು. ಸೆಪ್ಟೆಂಬರಿನಲ್ಲಿ ‘ದೊಡ್ಡಣ್ಣನ ಕಠಾರಿ ನನ್ನ ಮೇಜಿಗೆ ಬಂದಿದೆ ಅನ್ನಿಸುತ್ತದೆ, ಅಮ್ಮನಿಗೆ ಇನ್ನೂ ಹೇಳಿಲ್ಲ, ವಿವರ ಆಮೇಲೆ’ ಎಂದು ಎರಡು ಸಾಲು ಗೀಚಿ ಹಾಕಿದೆ. ನಿನ್ನ ಎದೆಗೆ ಬೆಂಕಿ ಇಟ್ಟು ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನೀನು ಎರಡು ಕಾಗದ ಬರೆದೆ. ಎರಡನೆಯದರಲ್ಲಿ ಇದ್ದದ್ದು ಒಂದೇ ಸಾಲು, ‘ಅವನದು ಹೌದೋ ಅಲ್ಲವೋ ಹೇಳು.’ ಅದನ್ನು ಓದಿ ನಿನ್ನ ಅತ್ತಿಗೆ ನನಗೆ ಮಾಡಿದ ಮಂಗಳಾರತಿ ಇನ್ನೂ ಕಿವಿಯಲ್ಲಿದೆ. ಫೋನಿನಲ್ಲಿ ಹೇಳೋಣವೆಂದರೆ ಫೋನಿರುವುದು ಅಮ್ಮನ ಕೋಣೆಯಲ್ಲಿ. ಅಮ್ಮನಿಗೆ ಕಣ್ಣು ಮಂಜಾಗಿದೆಯೇ ಹೊರತು ಕಿವಿ ಇನ್ನೂ ಹದಿನಾರರದ್ದೇ. ಪಕ್ಕದ ಮನೆಯವರು ಜಗಳವಾಡಿದರೆ ಯಾರದು ತಪ್ಪು ಎಂದು ಮಂಚದ ಮೇಲಿಂದಲೇ ತೀರ್ಪು ಕೊಡುತ್ತಾಳೆ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅತ್ತಿಗೆಯ ಮೊಣಕಾಲು ನೋವು ಇದ್ದ ಹಾಗೇ ಇದೆ, ಅವಳ ಬಾಯಿಯೂ ಇದ್ದ ಹಾಗೇ ಇದೆ. ನಿಮ್ಮ ಯಜಮಾನರ ಕೆಮ್ಮು ಕಡಿಮೆಯಾಯಿತೆಂದು ತಿಳಿದು ಸಮಾಧಾನವಾಯಿತು. ನಿನ್ನ ಮೊಮ್ಮಗ ಶಾಲೆಗೆ ಹೋಗುತ್ತಾನಂತೆ, ಬರೆಯುವಾಗ ಎಡಗೈ ಬಳಸಿದ್ದಕ್ಕೆ ಸೊಸೆ ಗದರುತ್ತಾಳಂತೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಕಠಾರಿಯ ಕಥೆ. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಹಳೆಯ ಸೈನಿಕ ಕಠಾರಿಗಳನ್ನು ಸಂಗ್ರಹಿಸುವ ಹುಚ್ಚಿನ ಜನ ಅವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಹತ್ತಿರ ತರುತ್ತಾರೆ. ನಾನು ಫೋಟೋ ತೆಗೆದು, ಯಾವ ಕಾಲದ್ದು, ಅಸಲಿಯೋ ನಕಲಿಯೋ, ಯಾವ ಭಾಗ ಆಮೇಲೆ ಬದಲಾಯಿಸಿದ್ದು ಎಂದು ಬರೆದುಕೊಡುತ್ತೇನೆ. ನನ್ನದೊಂದು ನಿಯಮವಿದೆ. ತಂದವರು ಹೊರಗಿನ ಕೋಣೆಯಲ್ಲಿ ಕೂರಬೇಕು, ಫೋಟೋ ಮುಗಿಯುವವರೆಗೆ ಬಾಯಿ ಬಿಡಕೂಡದು. ಯಾಕೆಂದರೆ ಪ್ರತಿ ಕಠಾರಿಯ ಜೊತೆಗೂ ಒಂದು ಕಥೆ ಬರುತ್ತದೆ, ಕಥೆ ಕೇಳಿದ ಮೇಲೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ನನ್ನ ಹತ್ತಿರ ಬಂದ ಕಠಾರಿಗಳೆಲ್ಲ ಸೇನಾಧಿಪತಿಗಳವೇ, ಸಾಮಾನ್ಯ ಸಿಪಾಯಿಯದು ಎಂದು ಇದುವರೆಗೆ ಯಾರೂ ತಂದಿಲ್ಲ. ಇವರು ಹೇಳುವುದನ್ನು ನಂಬಿದರೆ ಹಿಂದಿನ ಯುದ್ಧಗಳಲ್ಲಿ ಬರೀ ಸೇನಾಧಿಪತಿಗಳೇ ಹೊಡೆದಾಡಿಕೊಂಡರು, ಸಿಪಾಯಿಗಳೆಲ್ಲ ಮನೆಯಲ್ಲಿ ಹೊದ್ದು ಮಲಗಿದ್ದರು ಅನ್ನಬೇಕು.

ನಮ್ಮ ಹಲ್ಲಿನ ಡಾಕ್ಟರು ಇಂಥ ಹುಚ್ಚರ ರಾಜ. ಒಳ್ಳೆಯ ಮನುಷ್ಯ. ನನ್ನ ಹಲ್ಲು ಕೀಳುವಾಗಲೂ ಬಾಯೊಳಗೆ ಇಕ್ಕಳ ಇಟ್ಟೇ ಕಠಾರಿಯ ಪ್ರಶ್ನೆ ಕೇಳುತ್ತಾರೆ, ನಾನು ಉತ್ತರ ಕೊಡುವುದಾದರೂ ಹೇಗೆ? ಸೆಪ್ಟೆಂಬರಿನಲ್ಲಿ ಅವರು ಒಂದು ಪೆಟ್ಟಿಗೆ ತಂದರು. ಅದರಲ್ಲಿದ್ದವು ನೂರು ನೂರೈವತ್ತು ವರ್ಷದ ಕಠಾರಿಗಳು. ತಳದಲ್ಲಿ ಮಾತ್ರ ಒಂದು ಈಚಿನದು, ನಾವು ಚಿಕ್ಕವರಿದ್ದಾಗ ಸಿಪಾಯಿಗಳಿಗೆ ಕೊಡುತ್ತಿದ್ದಂಥದು. “ಇದು ಕೊಸರು ಸಾರ್, ಪೆಟ್ಟಿಗೆ ಜೊತೆ ಬಂತು. ಟೈಮಿದ್ರೆ ನೋಡಿ, ಇಲ್ದಿದ್ರೆ ಬಿಡಿ” ಅಂದು ಅವರು ಹೊರಗೆ ಹೋಗಿ ಕೂತರು.

ಉಳಿದವನ್ನೆಲ್ಲ ಮುಗಿಸಿ ಕೊನೆಗೆ ಅದನ್ನು ಎತ್ತಿಕೊಂಡೆ. ಕಠಾರಿಯ ಫೋಟೋ ತೆಗೆಯುವುದೆಂದರೆ ಕನ್ನಡಿಯ ಫೋಟೋ ತೆಗೆದ ಹಾಗೆ. ನನ್ನ ಮೂಗು, ಅಂಗಿಯ ಗುಂಡಿ, ಕಿಟಕಿಯ ಸರಳು, ಎಲ್ಲ ಅಲಗಿನಲ್ಲಿ ಬಂದು ಕೂರುತ್ತವೆ. ಅದಕ್ಕೇ ಹಿಂದಿನ ಕೋಣೆಯಲ್ಲಿ ಬಿಳಿ ಬಟ್ಟೆಯ ಗೂಡು ಕಟ್ಟಿದ್ದೇನೆ. ನಿನ್ನ ಅತ್ತಿಗೆ ಒಂದು ಕಡೆ ಕಪ್ಪು ರಟ್ಟು ಹಿಡಿದು ನಿಲ್ಲುತ್ತಾಳೆ. ಅದರ ನೆರಳು ಬಿದ್ದರೆ ಅಲಗಿನ ನಡುವಿನ ಏಣು ಗೆರೆ ಎಳೆದಂತೆ ಕಾಣುತ್ತದೆ. ಒಂದೊಂದು ಫೋಟೋಕ್ಕೂ ಅವಳ ಮೊಣಕಾಲು ಒಂದೊಂದು ಶಾಪ ಹಾಕುತ್ತದೆ.

ಹಿಡಿಯ ಹತ್ತಿರ ಕ್ಯಾಮೆರಾ ತಂದಾಗ ನನ್ನ ಕೈ ನಿಂತಿತು. ಒಂದೇ ಕಡೆ ಹರಿತವಿರುವ ಇಂಥ ಕಠಾರಿಯನ್ನು ಬಲಗೈಯವನು ಹಿಡಿದರೆ ಹೆಬ್ಬೆರಳು ಮರದ ಹಿಡಿಯ ಒಂದು ಮಗ್ಗುಲಿಗೆ ಕೂರುತ್ತದೆ, ಎಡಗೈಯವನದು ಇನ್ನೊಂದು ಮಗ್ಗುಲಿಗೆ. ವರ್ಷಗಟ್ಟಲೆ ಹಿಡಿದರೆ ಅಲ್ಲಿ ಮರ ಸವೆದು ತಗ್ಗು ಬೀಳುತ್ತದೆ. ಇದರಲ್ಲಿ ತಗ್ಗು ಇದ್ದದ್ದು ಎಡಗೈಯ ಮಗ್ಗುಲಲ್ಲಿ. ಚರ್ಮದ ಒರೆಯೂ ಬಲಸೊಂಟಕ್ಕೆ ಕಟ್ಟಿಕೊಂಡವನ ಒರೆಯ ಹಾಗೆ ಸವೆದಿತ್ತು. ಅಲಗಿನ ತುದಿ ಒಂಚೂರು ಮೊಂಡಾಗಿತ್ತು, ಡಬ್ಬಿ ಕೊರೆದು ಕೊರೆದು ಆಗುವಂಥ ಮೊಂಡು.

ನಿನ್ನ ಅತ್ತಿಗೆ ರಟ್ಟಿನ ಹಿಂದಿನಿಂದ ಕೇಳಿದಳು, “ಯಾಕ್ರೀ, ಏನಾಯ್ತು? ಮುಖ ಯಾಕೆ ಹಾಗಾಗಿದೆ?”

“ದೊಡ್ಡಣ್ಣ” ಅಂದೆ.

ಪಿಟೀಲು, ನಿನ್ನ ಮೊದಲ ಕಾಗದದಲ್ಲಿ ನೀನು ಬರೆದಿದ್ದೆಯಲ್ಲ, ‘ಅವನು ಕೊನೆಯ ಸಲ ಬಂದು ಹೋದಾಗ ನನಗೆ ನಾಲ್ಕು ವರ್ಷ. ಗೋಡೆಯ ಫೋಟೋದ ಮುಖ ಬಿಟ್ಟರೆ ನನ್ನ ಹತ್ತಿರ ಅವನದೇನೂ ಇಲ್ಲ, ದನಿ ಕೂಡ ಇಲ್ಲ. ಅವನದೇ ಆಗಿದ್ದರೆ ಒಂದೇ ಒಂದು ಸಲ ಕೈಯಲ್ಲಿ ಹಿಡಿದು ನೋಡುತ್ತೇನೆ’ ಎಂದು. ಅದನ್ನು ಮತ್ತೆ ಮತ್ತೆ ಓದಿದೆ. ನನ್ನ ಹತ್ತಿರ ಇಷ್ಟೊಂದಿದೆ, ನಿನಗೆ ಒಂದು ಹಿಡಿಯೂ ಕೊಟ್ಟಿಲ್ಲವಲ್ಲ ಅನ್ನಿಸಿತು. ಈಗ ಕೇಳು.

ದೊಡ್ಡಣ್ಣ ಎಡಚ. ನಾನೂ ಅವನೂ ಹೋಗುತ್ತಿದ್ದದ್ದು ಒಂದೇ ಶಾಲೆಗೆ, ನಾನು ಚಿಕ್ಕ ತರಗತಿ, ಅವನು ದೊಡ್ಡದು. ಎಡಗೈಯಲ್ಲಿ ಬರೆಯುತ್ತಾನೆಂದು ಮೇಷ್ಟರು ಒಂದು ದಿನ ಅವನ ಕೈಯನ್ನು ಕರವಸ್ತ್ರದಿಂದ ಬೆಂಚಿಗೆ ಕಟ್ಟಿಹಾಕಿದರು. ಆ ಕರವಸ್ತ್ರಕ್ಕೆ ನೀಲಿ ಅಂಚಿತ್ತು. ಗಂಟು ಮಣಿಕಟ್ಟಿನ ಒಳಗಡೆಗೆ ಬಂದು ಒತ್ತುತ್ತಿತ್ತು. ಇವತ್ತಿಗೂ ಕಣ್ಣು ಮುಚ್ಚಿದರೆ ಆ ಗಂಟು ಕಾಣುತ್ತದೆ.

ಅವನು ಮಾತ್ರ ಜಗ್ಗಿದವನಲ್ಲ. ಮನೆಗೆ ಬಂದರೆ ಎಲ್ಲಕ್ಕೂ ಎಡಗೈಯೇ. ಜಗಲಿಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಲೇಟಿನ ಮೇಲೆ ಬರೆಯುತ್ತಿದ್ದ. ಬರೆದದ್ದೋ, ಕಾಗೆ ಕಾಲು ಗುಬ್ಬಿ ಕಾಲು! ನಾನು ನಕ್ಕರೆ, “ನಗಬೇಡ್ವೋ, ನಿಂದೇನು ಮಹಾ ಚೆನ್ನಾಗಿದೆ?” ಅನ್ನುತ್ತಿದ್ದ. ಸೇನೆಗೆ ಸೇರಿದ ಮೇಲೆ ಬರುತ್ತಿದ್ದ ಕಾಗದಗಳಲ್ಲಿ ಅವನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತಿತ್ತು. ಅಲ್ಲಿ ಚೆನ್ನಾಗಿ ತಿದ್ದಿಸಿದ್ದಾರೆ ಎಂದುಕೊಂಡಿದ್ದೆ. ಅವನನ್ನು ನೋಡಿ ನೋಡಿ ನನಗೂ ಅಭ್ಯಾಸವಾಗಿ, ಕತ್ತರಿ ಮಾತ್ರ ಈಗಲೂ ಎಡಗೈಗೇ ಹೋಗುತ್ತದೆ.

ನಿನಗೆ ‘ಪಿಟೀಲು’ ಎಂದು ಹೆಸರಿಟ್ಟವನೂ ಅವನೇ. ಕೊನೆಯ ಸಲ ರಜಕ್ಕೆ ಬಂದಾಗ ನಿನ್ನ ತಲೆ ಬಾಚುತ್ತೇನೆಂದು ಕೂತ. ನಾನು ರಿಬ್ಬನ್ ಹಿಡಿದುಕೊಂಡು ಎದುರಿಗೆ ನಿಂತಿದ್ದೆ. ಎಡಗೈಯಲ್ಲಿ ಬಾಚಣಿಗೆ ಹಿಡಿದು ಎಳೆದ ಎಳೆತಕ್ಕೆ ಬೈತಲೆ ಹಣೆಯಿಂದ ಹೊರಟು ಕಿವಿಯ ಹತ್ತಿರ ಹೋಗಿ ಮುಟ್ಟಿತು. ನೀನು ಶುರುಮಾಡಿದೆ ನೋಡು ರಾಗ! “ಅಬ್ಬಬ್ಬಾ, ಇದು ಹುಡುಗಿ ಅಲ್ಲ, ಪಿಟೀಲು. ಒಂದೇ ತಂತಿ, ನಿಲ್ಲೋದೇ ಇಲ್ಲ” ಎಂದ. ನಿನ್ನನ್ನು ಸುಮ್ಮನಾಗಿಸಲು ಹಿತ್ತಲ ಮೆಟ್ಟಿಲ ಮೇಲೆ ಕೂತು ಸೊಂಟದಿಂದ ಕಠಾರಿ ತೆಗೆದು, ಸಿಹಿ ಹಾಲಿನ ಡಬ್ಬಿಗೆ ತೂತು ಕೊರೆದು, ಮೊದಲು ನಿನ್ನ ಬಾಯಿಗೆ, ಆಮೇಲೆ ನನ್ನ ಬಾಯಿಗೆ ಸುರಿದ. ನಿನ್ನ ಗಲ್ಲದ ಮೇಲೆಲ್ಲ ಹಾಲು. ಅವನ ದನಿ ಒಡಕು ದನಿ, ಪಿಟೀಲು. ನಗುವಾಗ ಮೊದಲು ಸದ್ದೇ ಬರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು, ಸ್ವಲ್ಪ ಹೊತ್ತಾದ ಮೇಲೆ ಗೊಳ್ ಅಂತ ಹೊರಗೆ ಬರುತ್ತಿತ್ತು. ನಿನ್ನ ಮಗನೂ ಹಾಗೇ ನಗುತ್ತಾನೆ, ಗಮನಿಸು.

ಅದಾದ ಮೇಲೆ ನಿನಗೆ ಗೊತ್ತಿರುವುದೇ. ಸೇನೆಯವರ ಕಾಗದದಲ್ಲಿ ‘ಪತ್ತೆಯಿಲ್ಲ’ ಎಂದು ಇತ್ತು. ಟ್ರಂಕು ಬರಲಿಲ್ಲ, ಬೂಟು ಬರಲಿಲ್ಲ, ಒಂದು ಅಂಗಿ ಕೂಡ ಬರಲಿಲ್ಲ. ಅಪ್ಪ ಆ ಕೊರಗಿನಲ್ಲೇ ಹೋದರು. ಅಮ್ಮ ಇಷ್ಟು ವರ್ಷಗಳಾದರೂ ಅವನ ಮಾತು ಬಂದರೆ ನಿನ್ನೆ ಊಟ ಮಾಡಿ ಎದ್ದುಹೋದವನ ಹಾಗೆ ಮಾತಾಡುತ್ತಾಳೆ. “ಅವನಿಗೆ ಮೆತ್ತನೆ ಹಾಸಿಗೆ ಆಗಲ್ಲ” ಅನ್ನುತ್ತಾಳೆ. ಈ ಕಠಾರಿ ಅವನದೇ ಆಗಿದ್ದರೆ ಅವಳ ಕೈಗೆ ಕೊಟ್ಟು, “ಅಮ್ಮಾ, ಅವನು ಬಂದ” ಅನ್ನಬಹುದಿತ್ತು. ನನ್ನ ಆಸೆ ಇಷ್ಟೇ ಇತ್ತು ಕಣೇ. ಅವಳು ಕಣ್ಣು ಮುಚ್ಚುವ ಮೊದಲು ಅವನದೊಂದು ವಸ್ತು ಅವಳ ಕೈಗೆ ಸಿಗಬೇಕು.

ಇಷ್ಟು ಗಟ್ಟಿಯಾಗಿದ್ದರೆ ಯಾಕೆ ಬರೆಯಲಿಲ್ಲ ಎಂದು ಕೇಳುತ್ತೀಯ. ಇನ್ನೊಂದು ಫೋಟೋ ಬಾಕಿ ಇತ್ತು, ಅದಕ್ಕೆ. ಅಲಗು ಹಿಡಿಯನ್ನು ಸೇರುವಲ್ಲಿ ಕಾರ್ಖಾನೆಯವರು ತಯಾರಾದ ವರ್ಷವನ್ನು ಅಚ್ಚೊತ್ತಿರುತ್ತಾರೆ. ಇದರಲ್ಲಿ ಉಜ್ಜಿ ಉಜ್ಜಿ ಅದು ಬರಿಗಣ್ಣಿಗೆ ಕಾಣದಷ್ಟು ಸವೆದಿತ್ತು. ಲೈಟನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಬಿಟ್ಟು ಫೋಟೋ ತೆಗೆದರೆ ಸವೆದ ಅಂಕಿಗಳೂ ನೆರಳಾಗಿ ಮೇಲೇಳುತ್ತವೆ. ಬೇರೆಯವರ ಕಠಾರಿಗಾದರೆ ನಾನು ಮೊದಲು ತೆಗೆಯುವ ಫೋಟೋ ಅದೇ. ಇದಕ್ಕೆ ಮಾತ್ರ ಮುಂದೂಡುತ್ತಾ ಹೋದೆ. ಒಂದು ದಿನ ಲೆನ್ಸಿಗೆ ಧೂಳು ಅಂದೆ. ಇನ್ನೊಂದು ದಿನ ಬಲ್ಬು ಸರಿಯಿಲ್ಲ ಅಂದೆ. ಡಾಕ್ಟರು ಬಂದು ಕೇಳಿದಾಗಲೆಲ್ಲ, “ಸ್ವಲ್ಪ ಕಷ್ಟದ ಕೇಸು ಡಾಕ್ಟ್ರೇ, ಟೈಮು ಬೇಕು” ಅಂದು ಸಾಗಹಾಕಿದೆ. ಕೊಸರಾಗಿ ಬಂದ ಕಠಾರಿಗೆ ಇಷ್ಟು ದಿನ ಎಂದರೆ ಖಂಡಿತ ಯಾವುದೋ ಮಹಾರಾಜನದೇ ಇರಬೇಕೆಂದು ಅವರು ಒಳಗೊಳಗೇ ಹಿಗ್ಗಿದರು, ಪಾಪ.

ಕೊನೆಗೆ ನಿನ್ನ ಒಂದು ಸಾಲಿನ ಕಾಗದ ಬಂತಲ್ಲ, ಅವತ್ತು ನಿನ್ನ ಅತ್ತಿಗೆಯೇ ಗೂಡಿನೊಳಗೆ ಲೈಟು ಇಳಿಸಿಟ್ಟು, ರಟ್ಟು ಹಿಡಿದು ನಿಂತಳು. “ಬನ್ರೀ. ಬೇರೆಯವರದ್ದಾಗಿದ್ರೆ ಕಾಫಿ ಆರೋದ್ರೊಳಗೆ ಮುಗಿಸ್ತಿದ್ರಿ. ಆ ಹುಡುಗಿ ಅಲ್ಲಿ ಕಾಯ್ತಾ ಕೂತಿದ್ದಾಳೆ” ಅಂದಳು. ಅವಳಿಗೆ ನೀನು ಇನ್ನೂ ಹುಡುಗಿಯೇ.

ಫೋಟೋ ತೆಗೆದೆ. ದೊಡ್ಡದು ಮಾಡಿ ನೋಡಿದೆ. ಅಂಕಿಗಳು ಎದ್ದು ಕೂತಿದ್ದವು. ದೊಡ್ಡಣ್ಣ ಕಾಣೆಯಾಗಿ ಎರಡು ವರ್ಷವಾದ ಮೇಲೆ ತಯಾರಾದ ಕಠಾರಿ ಅದು.

ಅವನದಲ್ಲ, ಪಿಟೀಲು. ಅವನು ಅದನ್ನು ಮುಟ್ಟಿರಲು ಸಾಧ್ಯವೇ ಇಲ್ಲ.

ಆಗ ನಿನ್ನ ಈ ಚಿಕ್ಕಣ್ಣ ಏನು ಮಾಡಿದ ಗೊತ್ತೇ? ವಾದಕ್ಕೆ ಇಳಿದ. “ಹಿಡಿ ಹಳೇದು ಇರಬಹುದು, ಅಲಗು ಆಮೇಲೆ ಹೊಸದು ಹಾಕಿರಬಹುದಲ್ವಾ?” ಅಂದೆ. ನಿನ್ನ ಅತ್ತಿಗೆ ರಟ್ಟು ಕೆಳಗಿಟ್ಟಳು. “ರೀ, ಇದೇ ಮಾತು ಹೋದ ವರ್ಷ ಡಾಕ್ಟ್ರು ಹೇಳಿದಾಗ ನೀವು ಎಷ್ಟು ನಕ್ಕಿರಿ ನೆನಪಿದೆಯಾ?” ಎಂದಳು. ನೆನಪಿತ್ತು. ಹಿಡಿಯ ಮೊಳೆಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಕಾರ್ಖಾನೆಯಲ್ಲಿ ಬಡಿದದ್ದು ಬಡಿದ ಹಾಗೇ ಇದ್ದವು, ಯಾರೂ ಬಿಚ್ಚಿರಲಿಲ್ಲ. ಇಷ್ಟು ವರ್ಷ ಬೇರೆಯವರ ಆಸೆಗಣ್ಣನ್ನು ಆಡಿಕೊಂಡು ನಕ್ಕವನು ನಾನು. ಹೊರಗಿನವರಿಗೆ ಬಾಯಿ ಬಿಡಬೇಡಿ ಅಂದೆನೇ ಹೊರತು, ಕಥೆ ನನ್ನೊಳಗಿನಿಂದಲೇ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ. ಅವನು ಎರಡನೇ ಸಲ ಕಳೆದುಹೋದ ಹಾಗಾಯಿತು. ನಿನ್ನ ಅತ್ತಿಗೆ ಬಂದು ಪಕ್ಕದಲ್ಲಿ ನಿಂತಳು.

ಡಾಕ್ಟರಿಗೆ ವರದಿ ಕೊಟ್ಟೆ. ‘ಸಾಮಾನ್ಯ ಸಿಪಾಯಿಯದು. ಎಡಗೈಯವನು. ಬಹಳ ಬಳಸಿದ್ದಾನೆ, ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಯಾವ ಭಾಗವನ್ನೂ ಬದಲಾಯಿಸಿಲ್ಲ.’ ಅವರು ಓದಿ, “ಅಯ್ಯೋ, ಇಷ್ಟೇನಾ ಸಾರ್? ಒಬ್ಬ ಆಫೀಸರದ್ದು ಅಂತಾದ್ರೂ ಬರೆಯಕ್ಕಾಗಲ್ವಾ?” ಅಂದರು.

“ಆಗಲ್ಲ ಡಾಕ್ಟ್ರೇ. ಅವನೂ ಯಾರದೋ ಮನೆಯ ಮಗ, ಹಾಗೇ ಇರಲಿ” ಅಂದೆ.

“ನಿಮ್ಮ ಕಣ್ಣು ಯಾಕೋ ಕೆಂಪಾಗಿದೆ ಸಾರ್, ತೋರಿಸಿಕೊಳ್ಳಿ” ಅಂದರು. ಲೈಟಿನ ಶಾಖ ಅಂದೆ. ಅವರು ಕಠಾರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ಮೇಜು ಈಗ ಖಾಲಿಯಾಗಿದೆ.

ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಸಿಕ್ಕಿತು ಎಂದು ಹೇಳಿ ಅದೇ ಉಸಿರಿನಲ್ಲಿ ಅಲ್ಲ ಎಂದು ಹೇಗೆ ಹೇಳಲಿ? ಆದರೆ ನಿನ್ನನ್ನು ಬರಿಗೈಯಲ್ಲಿ ಕೂರಿಸಲು ನನಗೆ ಮನಸ್ಸು ಬರುವುದಿಲ್ಲ. ಕಬ್ಬಿಣದ ತುಂಡು ಸಿಗಲಿಲ್ಲ, ಹೋಗಲಿ. ಅವನ ಎಡಗೈ ನಿನ್ನ ಮೊಮ್ಮಗನಿಗೆ ಬಂದಿದೆಯಲ್ಲ! ನಿನ್ನ ಸೊಸೆಗೆ ಹೇಳು, ಅದು ಕೆಟ್ಟ ಚಾಳಿ ಅಲ್ಲ, ನಮ್ಮ ದೊಡ್ಡಣ್ಣನ ಕೊಡುಗೆ, ಗದರಬೇಡ ಎಂದು. ಆ ಮಗು ಬರೆಯುವಾಗ ಪಕ್ಕದಲ್ಲಿ ಕೂತು ಅವನ ಕೈ ನೋಡು. ನಿನಗೆ ನೆನಪಿಲ್ಲದ ದೊಡ್ಡಣ್ಣ ಹೀಗೇ ಕೂತು ಬರೆಯುತ್ತಿದ್ದ ಅಂದುಕೊ.

ಕಾಗದ ಉದ್ದವಾಯಿತು. ಅಳಬೇಡ. ಅತ್ತರೂ ಸ್ವಲ್ಪ ಸಣ್ಣ ಶ್ರುತಿಯಲ್ಲಿ ಅಳು, ಅಕ್ಕಪಕ್ಕದವರು ಗಾಬರಿಯಾಗುತ್ತಾರೆ. ಮನೆಮಂದಿಗೆಲ್ಲ ನನ್ನ ಆಶೀರ್ವಾದ. ನೂರು ವರ್ಷ ನಗುನಗುತ್ತಾ ಬಾಳು. ನಿನ್ನ ಅತ್ತಿಗೆಯ ಪ್ರೀತಿಯ ನೆನಪುಗಳು.

ಇಂತಿ ನಿನ್ನ,
ಚಿಕ್ಕಣ್ಣ

ತಾ.ಕ. ಮಂಗಳವಾರ. ಕಾಗದವನ್ನು ಇನ್ನೂ ಅಂಚೆಗೆ ಹಾಕಿಲ್ಲ. ನಿನಗೆ ಬರೆದದ್ದನ್ನೆಲ್ಲ ಅಮ್ಮನಿಗೆ ಓದಿ ಹೇಳಿಯೇ ಕಳಿಸುವುದು ಈ ಮನೆಯ ರೂಢಿ ತಾನೇ? ಸೆಪ್ಟೆಂಬರಿನ ಆ ಎರಡು ಸಾಲನ್ನು ಮಾತ್ರ ಅವಳಿಗೆ ತಿಳಿಯದ ಹಾಗೆ ಹಾಕಿದ್ದೆ. ನಿನ್ನೆ ಸಂಜೆ ಮೊಣಕಾಲು, ಕೆಮ್ಮು, ಮೊಮ್ಮಗ ಅಷ್ಟನ್ನು ಓದಿ ಸಟಕ್ಕನೆ ಕೊನೆಯ ಆಶೀರ್ವಾದಕ್ಕೆ ಹಾರಿದೆ. “ಇಡೀ ಭಾನುವಾರ ಕೂತು ಬರೆದಿದ್ದು ಇಷ್ಟೇನಾ? ಹಾಳೆ ಮಗುಚೋ ಸದ್ದು ನಂಗೆ ಕೇಳಲ್ವಾ? ಸರಿಯಾಗಿ ಓದೋ” ಅಂದಳು. ಬೇರೆ ದಾರಿಯಿರಲಿಲ್ಲ. ಮೊದಲಿಂದ ಓದಿದೆ.

ಕರವಸ್ತ್ರದ ಮಾತು ಬಂದಾಗ ಕೈ ಎತ್ತಿ ನಿಲ್ಲಿಸಿದಳು. “ಯಾರ ಕೈ ಕಟ್ಟಿದ್ದು?”

“ದೊಡ್ಡಣ್ಣಂದು.”

“ಅವನ ಕೈಯನ್ನ ಯಾಕೆ ಕಟ್ತಾರೆ? ಅವನು ಬಲಗೈಯವನು. ಕಟ್ಟಿದ್ದು ನಿನ್ನ ಕೈ ಕಣೋ. ಎಡಚ ನೀನು.”

ಅಮ್ಮನಿಗೆ ಮರೆವು ಶುರುವಾಯಿತೇ ಎಂದುಕೊಂಡೆ. ಅವಳು ನಿಧಾನವಾಗಿ ಹೇಳಿದಳು, “ಅವತ್ತು ನೀನು ಮನೆಗೆ ಬಂದು, ಊರಲ್ಲೆಲ್ಲ ನಾನೊಬ್ಬನೇ ಹೀಗೆ ಅಂತ ಗೋಳೋ ಅಂತ ಅತ್ತೆ. ಅವತ್ತಿಂದ ಅವನು ನಿನ್ನ ಮುಂದೆ ಎಲ್ಲಾನೂ ಎಡಗೈಲೇ ಮಾಡೋಕೆ ಶುರು ಮಾಡ್ದ. ಬರೆಯೋದು, ತಲೆ ಬಾಚೋದು, ಎಲ್ಲ. ನೀನು ಆ ಕಡೆ ಹೋದ ತಕ್ಷಣ ಬಲಗೈಗೆ ಬದಲಾಯಿಸಿಕೊಂಡು ನನ್ನ ನೋಡಿ ನಗೋನು. ಸೇನೆಗೆ ಸೇರಿದ ಮೇಲೆ, ರಜಕ್ಕೆ ಬಂದಾಗಲೂ ಬಿಡಲಿಲ್ಲ. ನಿನಗೆ ಹೇಳಬೇಡ ಅಂತ ನನ್ನ ಹತ್ರ ಮಾತು ತಗೊಂಡಿದ್ದ.”

ಮಿಕ್ಕದ್ದನ್ನೂ ಓದಿಸಿದಳು. ಕಠಾರಿ ಅವನದಲ್ಲ ಎಂಬಲ್ಲಿ “ಹೂಂ” ಅಂದಳು, ಅಷ್ಟೇ. ಮೇಲೆ ಬರೆದದ್ದನ್ನು ನಾನು ಹೊಡೆದುಹಾಕಿಲ್ಲ, ಪಿಟೀಲು. ನಾನು ಕಂಡ ದೊಡ್ಡಣ್ಣ ಅವನೇ, ಅವನನ್ನು ಹಾಗೇ ಕಳಿಸುತ್ತಿದ್ದೇನೆ.

ರಾತ್ರಿ ಅವಳ ಕಾಲಿಗೆ ಹೊದಿಕೆ ಸರಿಮಾಡುವಾಗ ಕೇಳಿದೆ, “ಮತ್ತೆ ನಾನು ಯಾವಾಗಮ್ಮಾ ಬಲಗೈಗೆ ಬಂದಿದ್ದು?”

“ಆ ಕಾಗದ ಬಂತಲ್ಲ, ಪತ್ತೆಯಿಲ್ಲ ಅಂತ, ಅದಾದ ಮೇಲೆ. ಯಾರೂ ಹೊಡೀಲಿಲ್ಲ, ಯಾರೂ ಬೈಲಿಲ್ಲ. ನೀನಾಗೇ ಬಿಟ್ಟುಬಿಟ್ಟೆ” ಅಂದಳು.

ಬೆಳಿಗ್ಗೆಯಿಂದ ಎಡಗೈಯಲ್ಲಿ ಅವನ ಹೆಸರು ಬರೆಯಲು ಕೂತಿದ್ದೇನೆ ಕಣೇ. ಬರುತ್ತಿಲ್ಲ.